ಲಾಯದಲ್ಲಿ ಒಂದು ಎಡೆ

ಹೊಂಗಡಹಳ್ಳದ ಕಡೆಯ ತೋಟವೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದ ರಂಗಸ್ವಾಮಿಯ ಹತ್ತಿರ ಒಂದು ಕೋಟು ಇತ್ತು. ತೋಟ ಮಾರಿ ಹೊರಟ ಕೊನೆಯ ಬಿಳಿ ದೊರೆ ಅದನ್ನು ಬೆದರುಬೊಂಬೆಗೆ ತೊಡಿಸಿದ್ದನೆಂದೂ, ಬೊಂಬೆ ಎರಡೇ ದಿನಕ್ಕೆ ನಾಚಿಕೊಂಡು ಕಳಚಿ ರೈಟರಿಗೆ ದಾನ ಮಾಡಿತೆಂದೂ ಕೂಲಿಯವರ ಲೈನ್ ಮನೆಗಳಲ್ಲಿ ಹೇಳುತ್ತಿದ್ದರು. ಎರಡು ಸಾವಿರದ ಆರನೇ ಇಸವಿಯ ಮಹಾಲಯ ಅಮಾವಾಸ್ಯೆಯ ಸಂಜೆ ರಂಗಸ್ವಾಮಿ ಆ ಕೋಟು ತೊಟ್ಟು, ಅದರೊಳಗೆ ಉದ್ದನೆಯ ಬಾಳೆ ಎಲೆಯೊಂದನ್ನು ಮಡಚಿಟ್ಟುಕೊಂಡು, ಸಕಲೇಶಪುರದ ಹಳೇ ಬೀದಿಯಲ್ಲಿ ಲಾಯದ ಕಡೆಗೆ ನಡೆದ. ಸತ್ತ ಗೆಳೆಯನಿಗೆ ಊಟ ಬಡಿಸುವುದಿತ್ತು.

ಲಾಯವೆಂದರೆ ನಿಜವಾಗಿಯೂ ಲಾಯವೇ. ದೊರೆಗಳ ಕಾಲದಲ್ಲಿ ಆ ಕಲ್ಲು ಕಟ್ಟಡದಲ್ಲಿ ಆರು ಕುದುರೆಗಳಿದ್ದವು. ದೊರೆಗಳು ಹೋದರು, ಕುದುರೆಗಳೂ ಹೋದವು, ವಾಸನೆ ಮಾತ್ರ ಊರು ಬಿಡಲು ಒಪ್ಪಲಿಲ್ಲ. ಆಮೇಲೆ ಅಲ್ಲಿ ಯಾರೋ ಬಾರ್ ತೆರೆದರು. ಒಂದೊಂದು ಕುದುರೆ ನಿಲ್ಲುತ್ತಿದ್ದ ಗೂಡಿನಲ್ಲಿ ಒಂದು ಮೇಜು, ಎರಡು ಬೆಂಚು, ಮುಂದೊಂದು ಪರದೆ. ಬಂದವರೆಲ್ಲ ಕೈ ಒರೆಸಿ ಒರೆಸಿ ಆ ಪರದೆ ಯಾವ ಹದಕ್ಕೆ ಬಂದಿತ್ತೆಂದರೆ, ಕಡಿಯುವ ಚಳಿಯಲ್ಲಿ ಅದನ್ನು ಕುದಿಸಿದ್ದರೆ ಎಂಟು ಮಂದಿಗೆ ಸಾರಾಗುತ್ತಿತ್ತು. ಬೋರ್ಡಿನ ಮೇಲೆ ಬಾರಿಗೊಂದು ಹೆಸರಿತ್ತು. ಅದನ್ನು ಓದಿದವರು ಯಾರೂ ಇರಲಿಲ್ಲ. ಊರಿನ ಬಾಯಲ್ಲಿ ಅದು ಲಾಯ.

ಆ ಲಾಯದ ಮೂರನೇ ಗೂಡಿನಲ್ಲಿ ಪ್ರತಿ ಶನಿವಾರ ಸಂಜೆ ಆರಕ್ಕೆ ಇಬ್ಬರು ಕೂರುತ್ತಿದ್ದರು. ಒಬ್ಬ ರಂಗಸ್ವಾಮಿ, ತೋಟದಿಂದ ಬಸ್ಸು ಹಿಡಿದು ಬರುತ್ತಿದ್ದ. ಇನ್ನೊಬ್ಬ ಬಸವರಾಜು, ಪೇಟೆಯಲ್ಲಿ ಕಾಫಿ ತುಂಬುವ ಗೋಣಿಚೀಲದ ಅಂಗಡಿ ಇಟ್ಟವನು. ಬಸವರಾಜು ಶಿವಾಚಾರದ ಮನೆಯವನು. ಆ ಮನೆಯಲ್ಲಿ ಮೊಟ್ಟೆಯ ಆಕಾರದ ಆಲೂಗಡ್ಡೆಯನ್ನೂ ಎರಡು ಸಲ ತಿರುಗಿಸಿ ನೋಡಿ ಕೊಳ್ಳುತ್ತಿದ್ದರು. ಆದ್ದರಿಂದ ಅವನು ಹಣೆಯ ವಿಭೂತಿ ಮುಚ್ಚುವ ಹಾಗೆ ಮಂಕಿ ಟೋಪಿ ಎಳೆದುಕೊಂಡು ಹಿಂಬಾಗಿಲಿನಿಂದ ಬರುತ್ತಿದ್ದ. ಯುಗಾದಿಯ ಸೆಖೆಯಲ್ಲೂ ಮಂಕಿ ಟೋಪಿ ಹಾಕಿದ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ ಆದ್ದರಿಂದ ಅವನ ಗುಟ್ಟು ಬಹಳ ಭದ್ರವಾಗಿತ್ತು.

ಅವನಿಗೆ ಹಂದಿ ಮಾಂಸದ ರುಚಿ ಹತ್ತಿಸಿದವನು ತಾನೇ ಎಂಬುದು ರಂಗಸ್ವಾಮಿಯ ಬಾಳಿನ ದೊಡ್ಡ ಹೆಮ್ಮೆ. ಮೊದಲ ಸಲ ಮೆಣಸಿನಲ್ಲಿ ಹುರಿದ ತುಂಡೊಂದನ್ನು ಅವನ ಮುಂದೆ ತಳ್ಳಿ, "ಒಂದು ತಿಂದು ನೋಡಿ ಸಾವ್ಕಾರ್ರೇ," ಅಂದಿದ್ದ. ಬಸವರಾಜು ಬಹಳ ಹೊತ್ತು ಅಗಿದ. ಅವನ ಕಣ್ಣಲ್ಲಿ ನೀರು ಬಂತು. "ಏನ್ ರುಚಿ ಮಾರಾಯ್ರೇ!" ಅಂದ. ಅಂದಿನಿಂದ ಪ್ರತಿ ಶನಿವಾರ ಎರಡು ಪ್ಲೇಟು ಹಂದಿ, ಬಿಸಿನೀರು ಬೆರೆಸಿದ ರಮ್ಮು. ಮೂವತ್ತು ವರ್ಷದಲ್ಲಿ ಆ ಇಬ್ಬರು ತಿಂದ ಹಂದಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಸಕಲೇಶಪುರದಿಂದ ಎಡಕುಮೇರಿಯ ತನಕ ರೈಲು ಹಳಿಯೇ ಕಾಣುತ್ತಿರಲಿಲ್ಲ.

ರಂಗಸ್ವಾಮಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, ಹೆಣ್ಣು ನೋಡಲು ಹೊರಟ ದಿನವೆಲ್ಲ ಬಸ್ಸು ಕೆಟ್ಟು ನಿಂತಿತು ಅನ್ನುತ್ತಿದ್ದ. ನಿವೃತ್ತಿಯಾದ ಮೇಲೆ ಪೇಟೆಯಲ್ಲಿ ಭದ್ರಮ್ಮ ಎಂಬುವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದ. ಮಾಂಸ ಬೇಯಿಸಕೂಡದು ಎಂಬುದು ಅವರ ಕಟ್ಟಳೆ. ಆ ಕೋಣೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಒಂದು ಹಲ್ಲಿ ಮಾತ್ರ. ಎರಡು ವರ್ಷ ಅವನ ಮಾತು ಕೇಳಿದ ಮೇಲೆ ಅದೂ ಮುಂದಿನ ಮನೆಗೆ ಬಿಡಾರ ಬದಲಾಯಿಸಿತು. ಉಳಿದದ್ದು ಶನಿವಾರ.

ಆ ಶನಿವಾರಕ್ಕೂ ಕಲ್ಲು ಬಿತ್ತು. ಪ್ರತಾಪ್ ಎಂಬ ದೊಡ್ಡ ತೋಟದ ಧಣಿ ಲಾಯವನ್ನು ಕೊಂಡು, ದುರಸ್ತಿಗೆಂದು ಬೀಗ ಹಾಕಿದ. ಗೆಳೆಯರಿಬ್ಬರೂ ಒಂದಷ್ಟು ಶನಿವಾರ ಹೇಮಾವತಿಯ ಸೇತುವೆಯ ಹತ್ತಿರ ಕೂತು ಕಡಲೇಕಾಯಿ ತಿಂದರು. "ತೆರೀಲಿ ರೈಟ್ರೇ, ಮೊದಲ್ನೇ ದಿನಾನೇ ಹೋಗಿ ನಮ್ಮ ಗೂಡಲ್ಲಿ ಕೂರನ," ಎಂದು ಬಸವರಾಜು ಅನ್ನುತ್ತಿದ್ದ. ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ ಅವನು ಅಂಗಡಿಯಲ್ಲಿ ಗೋಣಿಚೀಲದ ಅಟ್ಟಿಗೆ ಒರಗಿ ಕೂತವನು ಏಳಲಿಲ್ಲ. ಲಾಯ ತೆರೆದದ್ದು ಶ್ರಾವಣದಲ್ಲಿ.

ಪಿತೃಪಕ್ಷ ಹತ್ತಿರ ಬಂದಾಗ ರಂಗಸ್ವಾಮಿಗೆ ಹೊಸ ಚಿಂತೆ ಶುರುವಾಯಿತು. ಅವನ ಹುಟ್ಟೂರು ಆಲೂರಿನ ಕಡೆ, ಗೌಡರ ಮನೆ. ಅಲ್ಲಿ ಹಿರಿಯರಿಗೆ ಎಡೆ ಇಡುವುದೆಂದರೆ ಸುಮ್ಮನೆ ಬಡಿಸಿದರಾಗಲಿಲ್ಲ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೇ ಇಡಬೇಕು. ಕೋಳಿಯಾದರೆ ಕೋಳಿ, ಬ್ರಾಂದಿಯಾದರೆ ಬ್ರಾಂದಿ, ಬೀಡಿಯಾದರೆ ಬೆಂಕಿಪೊಟ್ಟಣವನ್ನೂ ಸೇರಿಸಿ. ಇಟ್ಟವನು ರುಚಿ ನೋಡಬಾರದು. ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಆಚೆ ಬರಬೇಕು. ಹಿರಿಯರು ನಾಚಿಕೆಯವರು, ಯಾರಾದರೂ ನೋಡುತ್ತಿದ್ದರೆ ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಒಂದು ಸಲ ಕೆಮ್ಮಿ ಒಳಗೆ ಹೋಗಿ, ಆ ಎಡೆಯನ್ನು ಇಟ್ಟವರೇ ಊಟ ಮಾಡಬೇಕು. ಇಷ್ಟದ್ದು ಸಿಗದ ಹಿರಿಯರು ವರ್ಷವಿಡೀ ಬಾಯಿ ಚಪ್ಪರಿಸುತ್ತ ಅಲೆಯುತ್ತಾರೆ.

ಬಸವರಾಜುವಿನ ಹೆಂಡತಿ ಗುರುಶಾಂತಮ್ಮನನ್ನು ರಂಗಸ್ವಾಮಿ ಸುತ್ತಿ ಬಳಸಿ ವಿಚಾರಿಸಿದ್ದ. ಆಕೆ, "ನಮ್ಮನೇಲಿ ಎಡೆ ಇಡೋ ಪದ್ಧತಿ ಇಲ್ಲ ಕಣಣ್ಣ. ಶಿವನ ಪಾದ ಸೇರಿದೋರಿಗೆ ಹಸಿವು ಎಲ್ಲಿಂದ ಬಂತು?" ಅಂದಿದ್ದರು. ರಂಗಸ್ವಾಮಿ ತಲೆಯಾಡಿಸಿ ಬಂದ. ಶಿವ ದೊಡ್ಡವನು, ಎಲ್ಲವನ್ನೂ ನೋಡಿಕೊಳ್ಳುತ್ತಾನೆ, ನಿಜ. ಆದರೆ ಶನಿವಾರ ಸಂಜೆ ಆರಕ್ಕೆ ಮೆಣಸಿನಲ್ಲಿ ಹುರಿದ ಹಂದಿಯನ್ನು ಕೈಲಾಸದಲ್ಲಿ ಯಾರು ಕೊಡುತ್ತಾರೆ? ಬಸವರಾಜುವಿಗೆ ಅದು ಬೇಕೆಂದು ತಿಳಿದಿದ್ದವನು ಭೂಮಿಯ ಮೇಲೆ ತಾನೊಬ್ಬನೇ. ತಾನು ಇಡದಿದ್ದರೆ ಅವನು ಉಪವಾಸ.

ಹೀಗೆ ಅವನು ಲಾಯದ ಬಾಗಿಲಿಗೆ ಬಂದ. ಬಂದವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಕಲ್ಲುಗೋಡೆಯ ಸುಣ್ಣವನ್ನೆಲ್ಲ ಕೆರೆದು ಕಲ್ಲನ್ನು ಮೊದಲ ಸಲ ಸ್ನಾನ ಮಾಡಿಸಿದ ಹಾಗೆ ಬೆಳಗಿದ್ದರು. ನೆಲಕ್ಕೆ ತೇಗದ ಹಲಗೆ. ಅದಕ್ಕೆ ಕೊಟ್ಟ ಪಾಲಿಷ್ ಎಂಥದ್ದೆಂದರೆ, ಅದರ ಮೇಲೆ ಕೂತ ನೊಣ ಜಾರಿಬಿದ್ದು ಕಾಲು ಮುರಿದುಕೊಂಡರೆ ಆಶ್ಚರ್ಯವಿರಲಿಲ್ಲ. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೇ ಇದ್ದವು, ಆದರೆ ಈಗ ಮದುವಣಗಿತ್ತಿಯ ಬಳೆಯಂತೆ ಮಿನುಗುತ್ತಿದ್ದವು. ಒಂದೊಂದು ಗೂಡಿಗೂ ಚರ್ಮದ ಸೋಫಾ, ಹಿತ್ತಾಳೆಯ ದೀಪ. ದೀಪವೋ, ತುತ್ತು ಹಿಡಿದ ಕೈ ಬಾಯಿಯನ್ನು ತಡವಿ ಹುಡುಕಿಕೊಳ್ಳಬೇಕು, ಅಷ್ಟೇ ಬೆಳಕು. ಪರದೆಗಳಿರಲಿಲ್ಲ. ಆ ಎಂಟು ಮಂದಿಯ ಸಾರು ಎಲ್ಲಿ ಹೋಯಿತೋ.

"ಗುಡ್ ಈವ್ನಿಂಗ್ ಸರ್. ವೆಲ್ಕಮ್ ಸರ್."

ರಂಗಸ್ವಾಮಿ ತಿರುಗಿ ನೋಡಿದರೆ ಸಿದ್ದು. ಹಳೇ ಲಾಯದಲ್ಲಿ ಇಪ್ಪತ್ತು ವರ್ಷ ಲುಂಗಿಯಲ್ಲಿ ಸರಬರಾಜು ಮಾಡಿದ ಅದೇ ಸಿದ್ದು, ಈಗ ಐವತ್ತರ ಹತ್ತಿರದವನು. ಬಿಳಿ ಅಂಗಿ, ಕುತ್ತಿಗೆಯಲ್ಲಿ ಕಪ್ಪು ಬೋ. ಚಿಟ್ಟೆಯೊಂದು ಅವನ ಗಂಟಲ ಮೇಲೆ ಕೂತು ಅಲ್ಲೇ ಪ್ರಾಣ ಬಿಟ್ಟಂತಿತ್ತು.

"ಏನೋ ಸಿದ್ದು, ಇದೇನೋ ವೇಷ?"

ಸಿದ್ದು ಅತ್ತಿತ್ತ ನೋಡಿ ಪಿಸುಗುಟ್ಟಿದ. "ಮೆತ್ತಗೆ ಮಾತಾಡಿ ರೈಟ್ರೇ. ಗಿರಾಕಿಗಳತ್ರ ಸಲಿಗೆ ಮಾಡಂಗಿಲ್ಲ ಅಂತ ರೂಲ್ಸ್ ಐತೆ. ಒಬ್ರೇನಾ ಸರ್?"

"ಇಬ್ರು."

ಸಿದ್ದು ಬಾಗಿಲಾಚೆ ಇಣುಕಿದ. ಮತ್ತೆ ರಂಗಸ್ವಾಮಿಯ ಮುಖ ನೋಡಿದ. ಆ ದಿನ ಯಾವ ದಿನವೆಂಬುದು ಅವನಿಗೆ ನೆನಪಾಯಿತು. ಏನೂ ಕೇಳದೆ ಮೂರನೇ ಗೂಡಿಗೆ ಕರೆದುಕೊಂಡು ಹೋದ.

ಮೆನು ಕಾರ್ಡು ಬಂತು. ಬಾಗಿಲ ಹಲಗೆಯಷ್ಟು ಭಾರ. ರಂಗಸ್ವಾಮಿ ಅದನ್ನು ತೆರೆಯಲಿಲ್ಲ. "ಎರಡು ರಮ್ಮು. ಎರಡು ಪ್ಲೇಟ್ ಹಂದಿ," ಅಂದ.

"ಐಸ್ ಹಾಕ್ಲಾ ಸರ್?"

"ಸತ್ತೋನಿಗೆ ನೆಗಡಿ ಹಿಡಿಸ್ತೀಯೇನೋ? ಬಿಸಿನೀರು ತಾ."

ರಮ್ಮು ಬಂತು. ಗಾಜಿನ ಲೋಟ ಎಷ್ಟು ತೆಳುವೆಂದರೆ ಗಟ್ಟಿಯಾಗಿ ಯೋಚನೆ ಮಾಡಿದರೂ ಒಡೆದೀತು. ಹಿಂದೆಯೇ ಹಂದಿಯೂ ಬಂತು. ಗಾಡಿಚಕ್ರದಷ್ಟು ಅಗಲದ ತಟ್ಟೆಯ ನಡುವೆ ಒಂದೇ ಒಂದು ತುಂಡು, ಅದರ ನೆತ್ತಿಯ ಮೇಲೊಂದು ಸೊಪ್ಪಿನ ಎಸಳು, ಸುತ್ತ ಕೆಂಪು ಸಾಸಿನ ಏಳು ಚುಕ್ಕೆ.

"ಇದೇನೋ, ರಂಗೋಲಿ ಬಿಡ್ತಾ ಬಿಡ್ತಾ ಬಿಟ್ಟೋಗವ್ನಾ ನಿಮ್ಮ ಭಟ್ಟ?"

"ಇಲ್ಲಿ ಇದೇ ಪ್ಲೇಟು ರೈಟ್ರೇ. ದೊಡ್ಡ ದೊಡ್ಡೋರೆಲ್ಲ ಇದನ್ನೇ ತಿಂದು ಹೊಟ್ಟೆ ಸವರ್ಕೊಂಡ್ ಹೋಯ್ತಾರೆ."

"ಬಸವರಾಜು ಇದನ್ನ ಹುಡುಕೋಕೆ ಕನ್ನಡಕ ತರ್ಬೇಕಾಯ್ತದೆ ಕಣೋ. ಅವ್ರು ಹೆಂಗೆ ತಿಂತಿದ್ರು ನಿಂಗೊತ್ತಲ್ಲ. ಮೆಣಸು ಹಾಕಿ ಹುರಿಸ್ಕೊಂಡ್ ಬಾ ಮಾರಾಯ. ವರ್ಷಕ್ಕೊಂದು ಸಲ."

ಸಿದ್ದು ಏನೋ ಹೇಳಲು ಬಾಯಿ ತೆರೆದವನು ಹೇಳದೆ ಒಳಗೆ ಹೋದ. ಕಾಲು ಗಂಟೆಯಾದ ಮೇಲೆ ನಿಜವಾದ ಹಂದಿ ಹುರಿದದ್ದು ಬಂತು, ಕಪ್ಪಗೆ, ಹೊಗೆಯಾಡುತ್ತ. ರಂಗಸ್ವಾಮಿ ಕೋಟಿನೊಳಗಿನಿಂದ ಬಾಳೆ ಎಲೆ ತೆಗೆದ. ಅರ್ಧ ಹರಿದು ಉಳಿದ ಅರ್ಧವನ್ನು ಮಡಚಿ ಪಕ್ಕಕ್ಕಿಟ್ಟು, ಹರಿದದ್ದನ್ನು ಎದುರಿನ ಸೋಫಾದ ಮುಂದೆ ಹಾಸಿದ. ಅಷ್ಟರಲ್ಲಿ ಧಣಿ ಪ್ರತಾಪ್ ಗಿರಾಕಿಗಳನ್ನು ವಿಚಾರಿಸಿಕೊಳ್ಳುತ್ತ ಅಲ್ಲಿಗೇ ಬರಬೇಕೆ! ಸಿದ್ದುವಿನ ಗಂಟಲ ಚಿಟ್ಟೆ ಮತ್ತೆ ಜೀವ ಬಂದಂತೆ ಅದುರಿತು.

ಪ್ರತಾಪ್ ಎಲೆಯನ್ನು ಬಗ್ಗಿ ನೋಡಿದ. "ವಾವ್! ಬಾಳೆ ಎಲೆ! ನಮಗ್ಯಾಕೆ ಇದು ಹೊಳೀಲಿಲ್ಲ ಸಿದ್ದು? ನಾಳೆಯಿಂದ ಎಲ್ಲಾ ಟೇಬಲ್‌ಗೂ ಹಾಕ್ರಿ," ಎಂದು ಹೇಳಿ ಸಂತೋಷವಾಗಿ ಮುಂದಿನ ಗೂಡಿಗೆ ಹೋದ.

ರಂಗಸ್ವಾಮಿ ಎಲೆಗೆ ಹಂದಿ ಬಡಿಸಿದ. ಬಲಕ್ಕೆ ರಮ್ಮಿನ ಲೋಟ. ದೀಪದ ಬದಲಿಗೆ ಮೇಜಿನ ಮೇಲಿನ ಮೇಣದ ಬತ್ತಿಯೇ ಸಾಕಾಯಿತು. ಕೈ ಮುಗಿದ. ಬಾಗಿಲೂ ಇಲ್ಲದ, ಪರದೆಯೂ ಇಲ್ಲದ ಗೂಡನ್ನು ಮುಚ್ಚುವುದು ಹೇಗೆಂದು ತಿಳಿಯದೆ ನಿಂತಾಗ, ಸಿದ್ದು ಕೈ ತೊಳೆಯುವ ಜಾಗದ ಮುಂದಿದ್ದ ಮಡಚುವ ಮರದ ತಡಿಕೆಯನ್ನು ಹೊತ್ತು ತಂದು ಅಡ್ಡ ಇಟ್ಟ. "ಹೋಗಿ ರೈಟ್ರೇ, ಆಚೆ ನಿಂತ್ಕಳಿ. ಯಾರೂ ಇಣುಕದಂಗೆ ನಾ ನೋಡ್ಕತೀನಿ."

ರಂಗಸ್ವಾಮಿ ಆಚೆ ಬಂದು ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತ. ಆಗಷ್ಟೇ ದೀಪ ಹಚ್ಚುವ ಹೊತ್ತು. ಹಾದುಹೋಗುವ ಆಟೋಗಳು, ಸಂತೆ ಮುಗಿಸಿ ಬಸ್‌ಸ್ಟ್ಯಾಂಡಿಗೆ ಓಡುವ ಜನ. ಒಳಗೆ ಗೆಳೆಯ ಉಣ್ಣುತ್ತಿದ್ದಾನೆ, ಆಚೆ ತಾನು ಕಾಯುತ್ತಿದ್ದೇನೆ ಎಂದುಕೊಂಡಾಗ, ಆರು ತಿಂಗಳಲ್ಲಿ ಮೊದಲ ಸಲ ಅವನಿಗೆ ತನ್ನ ಹತ್ತಿರ ಯಾರೋ ಇದ್ದಾರೆ ಅನ್ನಿಸಿತು.

"ರೈಟ್ರಣ್ಣ?"

ಬೀದಿಯಲ್ಲಿ ಗುರುಶಾಂತಮ್ಮ ನಿಂತಿದ್ದರು. ಕೈಯಲ್ಲಿ ಸೊಪ್ಪಿನ ಚೀಲ. ಅವರ ಮನೆ ಹಿಂದಿನ ಗಲ್ಲಿಯಲ್ಲೇ. ರಂಗಸ್ವಾಮಿ ಮೂವತ್ತು ವರ್ಷದ ಗುಟ್ಟನ್ನೆಲ್ಲ ಒಳಗೆ ಮುಚ್ಚಿಡುವವನಂತೆ ಕೋಟಿನ ಗುಂಡಿ ಹಾಕಿಕೊಂಡ.

"ಇಲ್ಲೇ ಅಕ್ಕ... ಬಸ್ಸಿಗೆ ಕಾಯ್ತಾ ಇದ್ದೆ."

"ಈ ಬೀದಿಗೆ ಯಾವತ್ತಣ್ಣ ಬಸ್ ಬಂದಿತ್ತು?" ಗುರುಶಾಂತಮ್ಮ ಜಗಲಿಯ ಹತ್ತಿರ ಬಂದರು. "ಎಡೆ ಇಟ್ಟಿದೀರಾ ಅವ್ರಿಗೆ?"

"ಛೆ ಛೆ, ಯಾರ್ ಹೇಳಿದ್ದು ನಿಮಗೆ?"

"ಅಮಾಸೆ ದಿನ ಗೌಡ್ರು ಬಾಗ್ಲಿಗೆ ಬೆನ್ನು ಮಾಡ್ಕೊಂಡು ಉಗುರು ಕಚ್ಚುತಾ ನಿಂತಿದ್ರೆ ಇನ್ನೇನಂತ ತಿಳ್ಕೊಳ್ಳಲಿ? ಏನಿಟ್ಟಿದೀರಿ?"

ರಂಗಸ್ವಾಮಿ ನೆಲ ನೋಡಿದ. ಮಂಕಿ ಟೋಪಿಯ ಮಾನವನ್ನು ಬೀದಿಯಲ್ಲಿ ಹರಾಜು ಹಾಕುವವನಂತೆ, "ರಮ್ಮು ಅಕ್ಕ. ಆಮೇಲೆ... ಹಂದಿ," ಅಂದ.

ಗುರುಶಾಂತಮ್ಮ ಕಿರುಚಲಿಲ್ಲ. ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ. ಸತ್ತ್ ಮೇಲೂ ಅದನ್ನ ತಿನ್ನಿಸ್ತಾ ಇದೀರಲ್ಲಣ್ಣ!"

"ಅವ್ರಿಗೆ ಬಹಳ ಇಷ್ಟ ಅಲ್ವಾ ಅಕ್ಕ..."

"ಇಷ್ಟ ಅಂತೆ! ಶನಿವಾರ ಶನಿವಾರ ಬರೋರು, ಬಚ್ಚಲಿಗೆ ಹೋಗೋರು, ತಿಂದಿದ್ದೆಲ್ಲ ಕಕ್ಕಿ ಬರೋರು. ಆಮೇಲೆ ಮೊಸರನ್ನ ಕಲಸಿ ಕೊಟ್ರೆ ಮೂರು ದಿನ ಉಪವಾಸ ಇದ್ದೋರಂಗೆ ಉಣ್ಣೋರು. ಹಂಗಾದ್ರೆ ಯಾಕ್ ಹೋಗ್ತೀರಿ, ಯಾಕ್ ತಿಂತೀರಿ ಅಂತ ನಾನೂ ಮೊದ್ಲು ಜಗಳ ಆಡ್ದೆ." ಆಕೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಏನಂದ್ರು ಗೊತ್ತಾ? 'ರೈಟ್ರು ಒಬ್ರೇ ಕಣೆ. ವಾರಾ ಎಲ್ಲಾ ಒಬ್ರೇ ಉಣ್ತಾರೆ. ಒಂದಿನ ಎದುರುಗಡೆ ಒಬ್ಬ ಕೂತು ತಿಂದ್ರೆ ಅವ್ರಿಗೆ ಎರಡು ತುತ್ತು ಜಾಸ್ತಿ ಹೋಗ್ತದೆ' ಅಂದ್ರು. ಆವತ್ತಿಂದ ನಾನು ಬಾಯಿ ಮುಚ್ಕೊಂಡು ಮೊಸರನ್ನ ಕಲಸಿಟ್ಟೆ."

"ರಮ್ಮು?" ಎಂದು ರಂಗಸ್ವಾಮಿ ಕೇಳಿದ.

"ರಮ್ಮು ಅವ್ರಿಗೇ ಬೇಕಾಗಿತ್ತು ಬಿಡಿ. ಅದ್ರಲ್ಲಿ ನಿಮ್ಮ ತಪ್ಪೇನಿಲ್ಲ," ಎಂದರು ಗುರುಶಾಂತಮ್ಮ. ಹೊರಡುವಾಗ ಅನುಮಾನಿಸಿ ತಿರುಗಿದರು. "ನಮ್ಮಲ್ಲಿ ಇದೆಲ್ಲ ಇಲ್ಲ ನಿಜ. ನೀವು ಇಡೋದಾದ್ರೆ ಇಡಿ. ಆದ್ರೆ ಆ ಪ್ರಾಣೀನ ತೆಗೆಸ್ಬಿಡಿ ಅಣ್ಣ, ಪಾಪ." ಗಲ್ಲಿಯ ತಿರುವಿನಲ್ಲಿ ಅವರ ಸೆರಗು ಮರೆಯಾಯಿತು.

ರಂಗಸ್ವಾಮಿ ಜಗಲಿಯ ಕಂಬಕ್ಕೆ ಒರಗಿದ. ಮೂವತ್ತು ವರ್ಷ, ವರ್ಷಕ್ಕೆ ಐವತ್ತು ಶನಿವಾರ. ಅಷ್ಟು ದಿನವೂ ತಾನೇ ಒಬ್ಬ ಬಡಪಾಯಿ ಸಸ್ಯಾಹಾರಿಗೆ ಸ್ವರ್ಗ ತೋರಿಸುತ್ತಿದ್ದೇನೆಂದು ಬೀಗಿದ್ದ. ಎದುರಿಗೆ ಕೂತವನು ಕಣ್ಣೀರು ಹಾಕಿಕೊಂಡು ಅಗಿಯುತ್ತಿದ್ದದ್ದನ್ನು ರುಚಿ ಎಂದುಕೊಂಡಿದ್ದ. ತನ್ನ ಒಂಟಿತನ ತನಗೊಬ್ಬನಿಗೇ ಗೊತ್ತಿರುವ ವಿಷಯವೆಂದೂ ತಿಳಿದಿದ್ದ. ಅದು ಅಂಗಡಿಯವನಿಗೆ ಗೊತ್ತಿತ್ತು, ಅವನ ಹೆಂಡತಿಗೆ ಗೊತ್ತಿತ್ತು, ಆ ಮನೆಯ ಮೊಸರಿನ ಗಡಿಗೆಗೂ ಗೊತ್ತಿತ್ತು.

ಕೆಮ್ಮದೆಯೇ ಒಳಗೆ ಹೋದ. ತಡಿಕೆ ಸರಿಸಿದ. ಎಲೆಯ ಮೇಲೆ ಹಂದಿ ಇಟ್ಟದ್ದು ಇಟ್ಟ ಹಾಗೇ ಇತ್ತು.

"ಸಿದ್ದು, ಇದನ್ನ ತಗೊಂಡ್ಹೋಗೋ."

"ಯಾಕೆ ರೈಟ್ರೇ, ಹದ ಬಂದಿಲ್ವಾ?"

"ಅವ್ರಿಗೆ ಸೇರ್ತಾನೇ ಇರ್ಲಿಲ್ಲವಂತೆ."

ಸಿದ್ದು ಎಲೆ ಎತ್ತಿಕೊಳ್ಳುತ್ತ, "ಅದು ನಂಗೊತ್ತಿತ್ತು ಬುಡಿ," ಅಂದುಬಿಟ್ಟ. ಆಮೇಲೆ ತುಟಿ ಕಚ್ಚಿಕೊಂಡ.

"ಏನೋ ಗೊತ್ತಿತ್ತು?"

"ನೀವು ರಮ್ಮು ಬಗ್ಸೋವಾಗ ಸಾವ್ಕಾರ್ರು ಎರಡ್ರಲ್ಲಿ ಒಂದು ತುಂಡು ಬೆಂಚಿನ ಕೆಳಕ್ಕೆ ಬಿಡೋರು. ಅಲ್ಲೊಂದು ಕಂದು ನಾಯಿ ಬಿದ್ಕೊಂಡಿರ್ತಿತ್ತು, ನೆನಪೈತಾ? ಅದು ಸತ್ತಾಗ ಹೊರೋಕೆ ನಾಲ್ಕ್ ಜನ ಬೇಕಾಗಿತ್ತು. 'ರೈಟ್ರಿಗೆ ಹೇಳ್ಬೇಡ ಕಣೋ, ಬೇಜಾರ್ ಮಾಡ್ಕೋತಾರೆ' ಅಂತ ನಂಗೆ ಆಣೆ ಹಾಕ್ಸಿದ್ರು."

ರಂಗಸ್ವಾಮಿ ನಕ್ಕ. ನಗು ಅರ್ಧಕ್ಕೇ ನಿಂತುಹೋಯಿತು. "ಮೊಸರನ್ನ ಸಿಕ್ಕುತ್ತೇನೋ ಇಲ್ಲಿ?"

ಅಷ್ಟು ತೂಕದ ಮೆನು ಕಾರ್ಡಿನಲ್ಲಿ ಮೊಸರನ್ನಕ್ಕೆ ಜಾಗವಿರಲಿಲ್ಲ. ಆದರೆ ಹಿಂದೆ ಕೆಲಸದವರಿಗೆಂದು ಮಾಡಿದ ಅನ್ನವಿತ್ತು, ಯಾರೋ ಮನೆಯಿಂದ ತಂದ ಮೊಸರಿತ್ತು. ಸಿದ್ದು ಸ್ಟೀಲ್ ಬಟ್ಟಲಿನಲ್ಲಿ ಕಲಸಿ, ಅಂಚಿಗೊಂದು ಉಪ್ಪಿನಕಾಯಿ ಹೋಳಿಟ್ಟು ತಂದ. ರಂಗಸ್ವಾಮಿ ಮೇಜು ಒರೆಸಿ, ಮಡಚಿಟ್ಟಿದ್ದ ಅರ್ಧ ಎಲೆಯನ್ನು ಬಿಡಿಸಿ ಹಾಸಿ, ಬಡಿಸಿದ. ರಮ್ಮಿಗೆ ಇನ್ನಷ್ಟು ಬಿಸಿನೀರು ಬೆರೆಸಿದ. ತಡಿಕೆ ಎಳೆದು ಮತ್ತೆ ಆಚೆ ಹೋಗಿ ನಿಂತ. ಈ ಸಲ ಬೀದಿಯಲ್ಲಿ ಯಾರೂ ಇರಲಿಲ್ಲ. ಎಷ್ಟು ಹೊತ್ತು ನಿಲ್ಲಬೇಕೆಂದು ಗೊತ್ತಾಗಲಿಲ್ಲ. ಆ ಮನುಷ್ಯ ಮೊಸರನ್ನ ಉಣ್ಣುವುದನ್ನು ಅವನು ಒಂದು ದಿನವೂ ನೋಡಿರಲಿಲ್ಲ.

ಕೊನೆಗೆ ಕೆಮ್ಮಿ, ಒಳಗೆ ಬಂದು, ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡು ಕೂತ. ಮೇಣದ ಬತ್ತಿಯಾಚೆ ಚರ್ಮದ ಸೋಫಾ ಖಾಲಿ ಇತ್ತು.

ಸಿದ್ದು ಬಂದು, "ಇನ್ನೇನಾದ್ರೂ ಬೇಕಾ ಸರ್?" ಅಂದ. ಧಣಿ ಆಚೆ ಗೂಡಿನಲ್ಲೇ ಇದ್ದ.

"ಕೂತ್ಕೋ," ಅಂದ ರಂಗಸ್ವಾಮಿ.

"ಕೂರಂಗಿಲ್ಲ ಸರ್. ರೂಲ್ಸು."

"ಹಂಗಾದ್ರೆ ನಿಂತ್ಕೋ. ಒಬ್ಬನೇ ಉಣ್ಣೋಕೆ ಆಗಲ್ಲ ಕಣೋ ನನ್ನ ಕೈಲಿ."

ಅರವತ್ತೆಂಟು ವರ್ಷದಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಿದ್ದು ಕೈಲಿದ್ದ ಖಾಲಿ ಟ್ರೇಯನ್ನು ಎದೆಗೆ ಒತ್ತಿಕೊಂಡು, ಆರ್ಡರು ಬರೆದುಕೊಳ್ಳುವವನ ಹಾಗೆ ಬಗ್ಗಿ ನಿಂತ. ರಂಗಸ್ವಾಮಿ ಒಂದು ತುತ್ತು ತಿಂದ. ಇನ್ನೊಂದು ತಿಂದ.

"ಉಪ್ಪು ಸರೀಗೈತಾ ರೈಟ್ರೇ?"

"ಐತೆ."

ಐದನೇ ಗೂಡಿನಲ್ಲಿ ಯಾರೋ ಚಿಟಿಕೆ ಹೊಡೆದರು. ಸಿದ್ದು ಕೇಳಿಸದವನ ಹಾಗೆ ನಿಂತೇ ಇದ್ದ. ಮತ್ತೆ ಚಿಟಿಕೆ, ಈ ಸಲ ಜೋರಾಗಿ, ಧಣಿಯೂ ತಿರುಗಿ ನೋಡುವಷ್ಟು. "ಬಂದೆ ಸರ್," ಎಂದು ಸಿದ್ದು ಹೋದ. ಎಲೆಯ ಮೇಲೆ ಇನ್ನೂ ನಾಲ್ಕೈದು ತುತ್ತು ಉಳಿದಿತ್ತು. ಅವನು ತಿರುಗಿ ಬರುವ ತನಕ ಸಾಲಲಿ ಎಂದು ರಂಗಸ್ವಾಮಿ ಅದನ್ನು ಬೆರಳಿನಿಂದ ಒಟ್ಟುಗೂಡಿಸಿ, ಚಿಕ್ಕ ಚಿಕ್ಕ ತುತ್ತು ಮಾಡಿಕೊಂಡು, ಬಹಳ ನಿಧಾನವಾಗಿ ಉಣ್ಣತೊಡಗಿದ.